ಚಿನ್ನದ ಊರಿನಲ್ಲಿ ಕಡಲ ಮೀನು

ಊರಿಗಾಮಿಗೂ ಕಡಲಿಗೂ ಇರುವ ನಂಟು ವಿಚಿತ್ರವಾದುದು. ಊರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಎತ್ತರದಲ್ಲಿ. ಆದರೆ ಅದರ ನೆರೆಯ ಚಾಂಪಿಯನ್ ರೀಫ್ ಗಣಿ ಇಳಿದುದು ನೆಲದ ಕೆಳಗೆ 3.2 ಕಿಲೋಮೀಟರ್ ಆಳಕ್ಕೆ. ಎಂದರೆ, ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಮಂದಿ ಕಡಲಿನ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ ಹೋಗಿ ದುಡಿದು, ಮತ್ತೆ ಮೇಲೆ ಬಂದು ಮನೆಯಲ್ಲಿ ಉಣ್ಣುತ್ತಿದ್ದರು. 2001ರಲ್ಲಿ ಗಣಿಗಳು ಮುಚ್ಚಿದವು. ಕಡಲಿಗಿಂತ ಕೆಳಗಿಳಿದು ಬಂದವರ ಈ ಊರಿನಲ್ಲಿ ಕಡಲ ನೀರು ಮಾತ್ರ ಹನಿಯೂ ಇಲ್ಲ. ಇಂತಹ ಕಡೆ, ಹಳೆಯ ಹೆಂಚಿನ ಮನೆಯ ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಹವಳದ ದಿಬ್ಬದ ಮೀನನ್ನು ಸಾಕಲು ಹೊರಟವನ ಸಾಹಸ ಸಣ್ಣದೇನಲ್ಲ.

ನೀರನ್ನು ಅವನೇ ತಯಾರಿಸಿಕೊಳ್ಳಬೇಕು. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ. ಅಡುಗೆಯ ಉಪ್ಪು ಇದಕ್ಕೆ ಒದಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ತಕ್ಕ ಪ್ರಮಾಣದಲ್ಲಿರಬೇಕು. ಕೋಲಾರ ಸೀಮೆಯ ಕೊಳವೆಬಾವಿಯ ಗಡಸು ನೀರನ್ನು ಶೋಧಿಸದೆ ಬಳಸುವಂತಿಲ್ಲ. ಮೀನು ಬರುವ ಹಾದಿಯಂತೂ ಇನ್ನೂ ದೀರ್ಘ. ಯಾವುದೋ ದ್ವೀಪದ ಬಳಿ ಹಿಡಿದುದನ್ನು ಚೀಲದಿಂದ ಚೀಲಕ್ಕೆ, ವರ್ತಕನಿಂದ ವರ್ತಕನಿಗೆ ದಾಟಿಸಿ, ಬೆಂಗಳೂರಿನ ಅಂಗಡಿಯ ತೊಟ್ಟಿಗೆ ತಂದಿರುತ್ತಾರೆ. ಅಲ್ಲಿಂದ ಮಾರಿಕುಪ್ಪಂ ರೈಲಿನಲ್ಲಿ ಯಾರದೋ ಮಡಿಲ ಮೇಲೆ ಕುಳಿತು ಅದು ಊರಿಗಾಂ ನಿಲ್ದಾಣದಲ್ಲಿ ಇಳಿಯಬೇಕು. ಅಷ್ಟರಲ್ಲಿ ಅದು ನಾಲ್ಕಾರು ನೀರು ಕಂಡಿರುತ್ತದೆ. ನಾಲ್ಕಾರು ನೀರಿನ ರೋಗವನ್ನೂ ಕಂಡಿರಬಹುದು.

ಕಡಲ ಮೀನು ಸದಾ ಬಾಯಾರಿದ ಪ್ರಾಣಿ. ಕೆರೆಯ ಮೀನು ನೀರು ಕುಡಿಯುವುದು ಬಹಳ ಕಡಿಮೆ. ಕಡಲ ಮೀನಿನ ಮೈಯ ನೀರನ್ನಾದರೋ ಸುತ್ತಲಿನ ಉಪ್ಪು ಎಡೆಬಿಡದೆ ಹೀರುತ್ತಿರುವುದರಿಂದ, ಅದು ಕುಡಿಯುತ್ತಲೇ ಇರಬೇಕು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತಲೇ ಇರಬೇಕು. ಉಸಿರಾಡುವುದಕ್ಕೂ ಅದೇ ಕಿವಿರು. ಹೀಗಾಗಿ ಕಿವಿರು ಕೆಟ್ಟರೆ ಮೀನಿಗೆ ಉಸಿರೂ ಇಲ್ಲ, ನೀರೂ ಇಲ್ಲ. ಕಡಲ ಮೀನಿನ ಮುಖ್ಯ ರೋಗಗಳಲ್ಲಿ ಬಹುಪಾಲು ಕಿವಿರನ್ನೇ ಹಿಡಿಯುತ್ತವೆ. ಸಾಕುವವರಾದರೋ ಮೈಯನ್ನೇ ನೋಡುತ್ತ ಕೂರುತ್ತಾರೆ! ಬಣ್ಣಕ್ಕಾಗಿ ಕೊಂಡ ಮೀನಲ್ಲವೆ?

ಊರಿಗಾಮಿನಲ್ಲಿ ಇನ್ನೊಂದು ತೊಡಕುಂಟು. ಎತ್ತರದ ಊರಾದ್ದರಿಂದ ಇಲ್ಲಿ ಗಾಳಿಯ ಒತ್ತಡ ಕಡಿಮೆ. ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಲತೀರದಲ್ಲಿ ಕರಗುವುದಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಉಪ್ಪುನೀರು ಸಿಹಿನೀರಿಗಿಂತ ಮೊದಲೇ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಆರೋಗ್ಯವಂತ ಮೀನಿಗೆ ಇದರಿಂದ ಬಾಧೆಯಿಲ್ಲ. ಕಿವಿರು ಊದಿದ ಮೀನಿಗೆ, ವಿದ್ಯುತ್ತು ಕೈಕೊಟ್ಟ ಬೇಸಗೆಯ ರಾತ್ರಿ, ಆ ಒಂದು ಪಾಲೇ ಪ್ರಾಣ.

ಆದುದರಿಂದ ಬಲ್ಲವರು ಮೊದಲು ನೋಡುವುದು ಉಸಿರನ್ನು. ಮೀನು ಸುಖವಾಗಿರುವಾಗಲೇ, ಬೆಳಗ್ಗೆ ಆಹಾರ ಹಾಕುವ ಮುನ್ನ, ನಿಮಿಷಕ್ಕೆ ಕಿವಿರು ಮುಚ್ಚಳ ಎಷ್ಟು ಸಲ ಆಡುವುದೆಂದು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಪ್ರತಿ ಮೀನಿಗೂ ಅದರದೇ ಲೆಕ್ಕ. ಈ ಲೆಕ್ಕ ಒಂದು ದಿನ ಏರಿದರೆ, ಮೀನು ಮೇಲ್ಮೈಗೆ ಬಂದು ಗುಟುಕರಿಸಿದರೆ, ಪಂಪಿನ ನೀರು ಚಿಮ್ಮುವ ಎದುರಿಗೇ ನಿಂತುಬಿಟ್ಟರೆ, ಕಲ್ಲಿಗೆ ಮೈ ಉಜ್ಜಿದರೆ, ಬೆಳಕಿಗೆ ಅಂಜಿ ಮೂಲೆ ಸೇರಿದರೆ, ರೋಗ ಬಂದಿದೆಯೆಂದು ಶಂಕಿಸಬೇಕು. ಆದರೆ ಔಷಧದ ಸೀಸೆಗೆ ಕೈ ಹಾಕುವ ಮುನ್ನ ನೀರಿನ ಅಮೋನಿಯ, ಉಪ್ಪಿನ ಅಂಶ, ಉಷ್ಣತೆ ಮೂರನ್ನೂ ಅಳೆಯುವುದು ವಿವೇಕ. ಹೊಸ ತೊಟ್ಟಿಯಲ್ಲಿ ಮೀನಿನ ಮಲಿನವನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೇರೂರಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಅವಸರದಿಂದ ಬಿಟ್ಟ ಮೀನು ಅಮೋನಿಯದಿಂದ ಸತ್ತರೆ ಅದನ್ನು ರೋಗವೆನ್ನುವುದು ಅನ್ಯಾಯ.

ನೀರು ಸರಿಯಾಗಿಯೇ ಇದ್ದರೆ ಆಗ ಮೈಯ ಪರೀಕ್ಷೆ. ಅತಿ ಸಾಮಾನ್ಯವಾದುದು ಬಿಳಿಚುಕ್ಕೆ ರೋಗ. ಈಜುರೆಕ್ಕೆಯ ಮೇಲೆ, ಮೈಯ ಮೇಲೆ ಸಣ್ಣ ರವೆ ಚೆಲ್ಲಿದಂತೆ ಬೇರೆಬೇರೆಯಾಗಿ ಎಣಿಸಬಹುದಾದ ಚುಕ್ಕೆಗಳು. ಇದನ್ನು ತರುವುದು ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶದ ಪರೋಪಜೀವಿ. ಈ ಹೆಸರು 1951ರಲ್ಲಿ ಬ್ರೌನ್ ಎಂಬ ವಿಜ್ಞಾನಿಯಿಂದ ಬಂದುದು. (ನಮ್ಮ ಕರಾವಳಿಯ ಸೀಗಡಿ ಕೊಳಗಳನ್ನು 1990ರ ದಶಕದಲ್ಲಿ ಹಾಳುಗೆಡವಿದ ಬಿಳಿಚುಕ್ಕೆ ರೋಗವೇ ಬೇರೆ, ಅದು ವೈರಸ್ಸಿನ ಕೆಲಸ. ಹೆಸರೊಂದಾದ ಮಾತ್ರಕ್ಕೆ ಮದ್ದು ಒಂದಾಗದು.) ಈ ಜೀವಿ ಮೀನಿನ ತೊಗಲಿನೊಳಗೆ ಹೊಕ್ಕು ಮೂರರಿಂದ ಏಳು ದಿನ ಮೇಯುತ್ತದೆ. ಹೊಟ್ಟೆ ತುಂಬಿದ ಮೇಲೆ ಹೆಚ್ಚಾಗಿ ಕತ್ತಲಲ್ಲಿ ಮೀನನ್ನು ಬಿಟ್ಟು ಉದುರಿ, ತಳದ ಮರಳಿಗೋ ಕಲ್ಲಿಗೋ ಅಂಟಿ, ಗಟ್ಟಿ ಕೋಶ ಕಟ್ಟಿಕೊಂಡು, ಒಳಗೇ ಒಡೆದೊಡೆದು ನೂರಾರಾಗುತ್ತದೆ. ದಿನಗಳೋ ವಾರಗಳೋ ಕಳೆದು ಕೋಶ ಬಿರಿದಾಗ ಮರಿಗಳು ಈಜಿಬಂದು ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಕ್ಕದಿದ್ದರೆ ಅವು ಸಾಯುತ್ತವೆ. ವಿಶಾಲವಾದ ಕಡಲಿನಲ್ಲಿ ಬಹುಮಟ್ಟಿಗೆ ಆಗುವುದೂ ಅದೇ. ಮೂರಡಿ ತೊಟ್ಟಿಯಲ್ಲಿ ಮೀನು ಎಲ್ಲಿಗೆ ಹೋದೀತು?

ಸಾಕುವವನು ಮೋಸಹೋಗುವುದು ಇಲ್ಲಿಯೇ. ಸೋಮವಾರ ಚುಕ್ಕೆ ಕಂಡಿತು. ಅಂಗಡಿಯವನು ಕೊಟ್ಟ ಯಾವುದೋ ನೀಲಿ ದ್ರವವನ್ನು ಹನಿಸಿದ. ಶುಕ್ರವಾರ ಚುಕ್ಕೆ ಮಾಯವಾಯಿತು. ಮದ್ದು ಫಲಿಸಿತೆಂದು ಮನೆಮಂದಿಗೆಲ್ಲ ಸಂತೋಷ. ವಾಸ್ತವದಲ್ಲಿ ಮದ್ದು ಹಾಕದಿದ್ದರೂ ಶುಕ್ರವಾರ ಚುಕ್ಕೆ ಹೋಗುತ್ತಿತ್ತು. ಮೇದು ತೃಪ್ತಿಯಾದ ಜೀವಿ ಸಂಸಾರ ಬೆಳೆಸಲು ಇಳಿದುಹೋಗಿದೆ, ಅಷ್ಟೆ. ಎರಡು ವಾರದ ಮೇಲೆ ಅದು ಮಕ್ಕಳುಮರಿಗಳೊಡನೆ ಮರಳಿದಾಗ ಹತ್ತು ಚುಕ್ಕೆಗಳಿದ್ದಲ್ಲಿ ಮುನ್ನೂರು. ಚುಕ್ಕೆ ಮಾಯವಾದ ದಿನವೇ ಚಿಕಿತ್ಸೆಯನ್ನು ನಿಲ್ಲಿಸಿ ಕಳೆದುಕೊಂಡ ಮೀನುಗಳಿಗೆ ಲೆಕ್ಕವಿಲ್ಲ.

ಎರಡನೆಯ ರೋಗದ ಲಕ್ಷಣ ಊರಿಗಾಮಿನವರಿಗೆ ಕಹಿನಗೆ ತರಿಸೀತು. ಮೀನಿನ ಮೈಯನ್ನು ಓರೆ ಬೆಳಕಿನಲ್ಲಿ ನೋಡಿದರೆ ನುಣ್ಣನೆಯ ಚಿನ್ನದ ಧೂಳು ಸಿಂಪಡಿಸಿದಂತೆ ಕಾಣುತ್ತದೆ! ಆ ಹೊಳಪಿನಿಂದಲೇ ಇದಕ್ಕೆ ಮಖಮಲ್ಲು ರೋಗವೆಂಬ ಹೆಸರು. ಇದರ ಜೀವಿ ಅಮಿಲೋಡಿನಿಯಂ. ಲಂಡನ್ ಮೃಗಾಲಯದ ಮತ್ಸ್ಯಾಗಾರದ ಮೀನುಗಳಲ್ಲಿ ಇದನ್ನು ಕಂಡು 1931ರಲ್ಲಿ ವಿವರಿಸಿದ್ದು ಅದೇ ಬ್ರೌನ್. ಒಂದೊಂದು ಜೀವಿಯೂ ಒಡೆದು 256ರವರೆಗೆ ಆಗಬಲ್ಲುದು. ಬಿಳಿಚುಕ್ಕೆ ವಾರಗಳ ಅವಕಾಶವನ್ನಾದರೂ ಕೊಡುತ್ತದೆ. ಇದು ಕೊಡುವುದು ದಿನಗಳನ್ನು ಮಾತ್ರ. ಮೊದಲು ಕಿವಿರನ್ನೇ ಹಿಡಿಯುವುದರಿಂದ, ಮೈಮೇಲೆ ಧೂಳು ಕಾಣುವ ಮೊದಲೇ ಮೀನು ತೀರಿಕೊಳ್ಳುವುದೂ ಉಂಟು. ಉಸಿರಿನ ಲೆಕ್ಕದ ಪುಸ್ತಕ ಪ್ರಯೋಜನಕ್ಕೆ ಬರುವುದು ಇಂತಹ ಹೊತ್ತಿನಲ್ಲಿ. ಸತ್ತ ಮೀನನ್ನು ಹಾಗೆಯೇ ಎಸೆಯದೆ, ತಡಮಾಡದೆ ಕಿವಿರಿನ ಒಂದು ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದುಂಡನೆಯ ಕಂದು ಕೋಶಗಳು ಕಾಣುತ್ತವೆ. ಕಾಲೇಜಿನ ಜೀವಶಾಸ್ತ್ರ ವಿಭಾಗದ ಸಾಮಾನ್ಯ ಯಂತ್ರವೇ ಇದಕ್ಕೆ ಸಾಕು.

ಕಿತ್ತಳೆ ಮೈಗೆ ಬಿಳಿಪಟ್ಟಿಯ ಕ್ಲೌನ್ ಮೀನಿನ ಮೇಲೆ ಚುಕ್ಕೆಯೂ ಇಲ್ಲದೆ ಧೂಳೂ ಇಲ್ಲದೆ ಲೋಳೆ ಸುಲಿದು ಬೀಳುತ್ತಿದ್ದರೆ ಅದು ಬ್ರೂಕ್ಲಿನೆಲ್ಲ. ಅದಕ್ಕೆ ಫಾರ್ಮಲಿನ್ನೇ ಮದ್ದು, ತಾಮ್ರ ನಾಟದು. ಹೂಕೋಸಿನಂತಹ ಬಿಳಿ ಗಂಟು ರೆಕ್ಕೆಯ ಅಂಚಿನಲ್ಲಿ ಬೆಳೆದು, ಮೀನು ಚೆನ್ನಾಗಿಯೇ ತಿನ್ನುತ್ತಿದ್ದರೆ, ಅದು ಲಿಂಫೋಸಿಸ್ಟಿಸ್ ಎಂಬ ವೈರಸ್ ರೋಗ. ಮದ್ದಿಲ್ಲ, ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಕೈಯಾಡಿಸದಿರುವುದೇ ಅಲ್ಲಿ ವೈದ್ಯ.

ಇನ್ನು ಯಾವ ಗುರುತೂ ಇಲ್ಲದೆ ಸಾಯುವ ಮೀನೊಂದುಂಟು. ಚೆನ್ನಾಗಿ ತಿನ್ನುತ್ತಿತ್ತು, ಬಣ್ಣ ಮಾಸಿರಲಿಲ್ಲ, ತಂದ ಕೆಲವು ವಾರಗಳಲ್ಲೇ ಒಂದು ಬೆಳಗ್ಗೆ ತಳದಲ್ಲಿ ಮಲಗಿತ್ತು. ಇದಕ್ಕೆ ಒಂದು ಕಾರಣವನ್ನು ಊರಿಗಾಮಿನ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆಯಲು ಬಳಸಿದ ಸೈನೈಡಿನ ಹೆಸರನ್ನೇ ಹೊತ್ತ ಬೂದು ಗುಡ್ಡಗಳು ಅವರ ಕಣ್ಣೆದುರಿಗಿವೆ. ಗಾಳಿ ಬೀಸಿದಾಗ ಅವುಗಳ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ. ಅದೇ ಸೈನೈಡನ್ನು 1960ರ ದಶಕದಿಂದ ಫಿಲಿಪ್ಪೀನ್ಸಿನಲ್ಲಿ, ಮುಂದೆ ಇಂಡೊನೇಷ್ಯದಲ್ಲಿ, ಹವಳದ ಬಿರುಕುಗಳಿಗೆ ಚಿಮುಕಿಸಿ ಅಲಂಕಾರದ ಮೀನುಗಳನ್ನು ಮಂಪರು ಬರಿಸಿ ಹಿಡಿದರು. ಮೀನು ಎಚ್ಚರಗೊಳ್ಳುತ್ತದೆ, ಮಾರಾಟವಾಗುತ್ತದೆ. ಒಳಗಿನ ಅಂಗಾಂಗ ಮಾತ್ರ ಕೆಟ್ಟಿರುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನನ್ನು ಕೊಳ್ಳುವುದೊಂದೇ ಉಪಾಯ. ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿರುವಾಗ, ದೂರದ ದಿಬ್ಬದಿಂದ ದೋಚಿ ತಂದುದಕ್ಕೆ ದುಡ್ಡು ತೆರುವುದೇಕೆ?

ಬಿಳಿಚುಕ್ಕೆಗೂ ಚಿನ್ನದ ಧೂಳಿಗೂ ನಂಬಿಕೆಯ ಮದ್ದು ತಾಮ್ರ. ದ್ರಾಕ್ಷಿ ಬೆಳೆಯುವ ಕೋಲಾರದವರಿಗೆ ಮೈಲುತುತ್ತ ಹೊಸದಲ್ಲ. ಅದೇ ತಾಮ್ರದ ಲವಣ. ಆದರೆ ತೋಟದ ಮೈಲುತುತ್ತವನ್ನು ಅಂದಾಜಿನಲ್ಲಿ ಹಾಕಿದವನು ಮೀನನ್ನು ಕೊಂದಾನು. ಒಂದು ಲೀಟರ್ ನೀರಿನಲ್ಲಿ ಇರಬೇಕಾದ ತಾಮ್ರ 0.15ರಿಂದ 0.20 ಮಿಲಿಗ್ರಾಂ, ನೂರು ಲೀಟರಿನ ತೊಟ್ಟಿಗೆ ಅರವತ್ತರಿಂದ ಎಂಬತ್ತು ಮಿಲಿಗ್ರಾಂ ಶುದ್ಧ ಮೈಲುತುತ್ತ, ಎಂದರೆ ಒಂದು ಚಿಟಿಕೆಗೂ ಕಡಿಮೆ. ಇದಕ್ಕಿಂತ ಇಳಿದರೆ ರೋಗ ಉಳಿಯುತ್ತದೆ, ಏರಿದರೆ ಮೀನು ಉಳಿಯುವುದಿಲ್ಲ. ಮತ್ತೆ, ತಾಮ್ರ ಕೊಲ್ಲುವುದು ಈಜಾಡುವ ಮರಿಗಳನ್ನು ಮಾತ್ರ. ತೊಗಲಿನೊಳಗಿನದನ್ನೂ ಕೋಶದೊಳಗಿನದನ್ನೂ ಅದು ಮುಟ್ಟದು. ಹಾಗಾಗಿ ದಿನಕ್ಕೆರಡು ಬಾರಿ ಅಳೆಯುತ್ತ, ಕಡಿಮೆಯಾದಷ್ಟನ್ನು ತುಂಬುತ್ತ, ಮೂರು ನಾಲ್ಕು ವಾರ ಒಂದೇ ಸಮನೆ ಕಾಪಾಡಬೇಕು. ಬಿಳಿಚುಕ್ಕೆಯೊಂದೇ ಆದರೆ ಉಪ್ಪನ್ನು ಮೆಲ್ಲಮೆಲ್ಲನೆ ಲೀಟರಿಗೆ 15 ಗ್ರಾಮಿನ ಆಸುಪಾಸಿಗೆ ಇಳಿಸಿ ಅಷ್ಟೇ ಕಾಲ ಇಡುವ ಇನ್ನೊಂದು ದಾರಿಯುಂಟು. ಚಿನ್ನದ ಧೂಳಿನ ಜೀವಿಯು ಇದಕ್ಕೆ ಜಗ್ಗದು. ರೋಗ ಯಾವುದೆಂದು ಗುರುತಿಸುವುದರ ಬೆಲೆ ಇಲ್ಲಿ ತಿಳಿಯುತ್ತದೆ.

ಈ ಎರಡು ಚಿಕಿತ್ಸೆಗಳೂ ಸೀಗಡಿ, ಶಂಖ, ಹವಳಗಳಿಗೆ ಮೃತ್ಯು. ಹವಳದ ಮರಳು ತಾಮ್ರವನ್ನು ಹೀರಿಯೂ ಬಿಡುತ್ತದೆ. ಆದುದರಿಂದ ಮರಳಿಲ್ಲದ ಬರಿಗಾಜಿನ ತೊಟ್ಟಿಯೊಂದನ್ನು, ಒಂದೆರಡು ಕೊಳವೆಯ ತುಂಡುಗಳನ್ನು ಮರೆಗಾಗಿ ಹಾಕಿ, ಆಸ್ಪತ್ರೆಯೆಂದು ಬೇರೆಯೇ ಇಟ್ಟುಕೊಳ್ಳಬೇಕು. ರೋಗಿಯನ್ನಷ್ಟೇ ಅಲ್ಲ, ಎಲ್ಲ ಮೀನುಗಳನ್ನೂ ಅಲ್ಲಿಗೆ ಸಾಗಿಸಬೇಕು. ಹೊಸದಾಗಿ ಕೊಂಡ ಮೀನನ್ನು ಮೊದಲ ದಿನದಿಂದ ನಾಲ್ಕಾರು ವಾರ ಇಲ್ಲಿಯೇ ಇರಿಸುವವನಿಗೆ ಮುಂದಿನ ಕಷ್ಟವೇ ಬರುವುದಿಲ್ಲ.

ದೊಡ್ಡ ತೊಟ್ಟಿಯ ಗತಿ? ಬೆಂಗಳೂರಿಗೆ ಪ್ಲೇಗು ಬಂದುದು 1898ರಲ್ಲಿ. ಆಮೇಲೆ ಎಷ್ಟೋ ವರ್ಷ ಹಳೆಯ ಮೈಸೂರು ಸೀಮೆಯಲ್ಲಿ, ಇಲಿ ಬಿತ್ತೆಂದರೆ ಜನ ಮನೆಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಶೆಡ್ಡು ಕಟ್ಟಿಕೊಂಡು ಇರುತ್ತಿದ್ದರು. ಮೀನುತೊಟ್ಟಿಗೂ ಅದೇ ಉಪಾಯ. ಬಿಳಿಚುಕ್ಕೆಯ ಕೋಶಗಳು 72 ದಿನಗಳವರೆಗೂ ಬಿರಿದುದು ಪ್ರಯೋಗದಲ್ಲಿ ಕಂಡಿರುವುದರಿಂದ, ಅನುಭವಸ್ಥರು 76 ದಿನ ತೊಟ್ಟಿಯನ್ನು ಮೀನಿಲ್ಲದೆ ಬಿಡುತ್ತಾರೆ. ಪಂಪು ಓಡುತ್ತಿರಬೇಕು, ಆವಿಯಾದಷ್ಟು ಸಿಹಿನೀರು ತುಂಬುತ್ತಿರಬೇಕು, ಶಂಖದ ಹುಳುಗಳಿಗೆ ಒಂದಿಷ್ಟು ಆಹಾರ ಬೀಳುತ್ತಿರಬೇಕು. ಮನೆಗೆ ಬಂದವರು ಬರಿದಾದ ತೊಟ್ಟಿಗೆ ದೀಪವೇಕೆಂದು ಕೇಳುತ್ತಾರೆ. ಕೋಶಗಳು ಒಂದೊಂದಾಗಿ ಬಿರಿಯುತ್ತವೆ, ಮರಿಗಳು ಒಂದೆರಡು ದಿನ ಹುಡುಕಿ ಸಾಯುತ್ತವೆ; ಅದನ್ನು ಯಾವ ಕಣ್ಣೂ ಕಾಣದು. ಎಪ್ಪತ್ತೇಳನೆಯ ಬೆಳಗ್ಗೆ ಮೀನುಗಳು ಮರಳುತ್ತವೆ; ಸಾಕುವವನು ಪುಸ್ತಕ ತೆರೆದು, ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಆಡಿತೆಂದು ಮತ್ತೆ ಮೊದಲಿನಿಂದ ಎಣಿಸತೊಡಗುತ್ತಾನೆ.