ಬೇಕರಿ ಮೂಲೆಯ ಮುಸ್ತಫಾನಿಗೆ ಕಣ್ಣಿನ ಆಪರೇಷನ್

ಬಸ್ ಸ್ಟ್ಯಾಂಡ್ ಹಿಂದಿನ ಗೌಡರ ಬೇಕರಿಗೆ ಹೋದವರೆಲ್ಲ ಆ ಪೆಟ್ಟಿಗೆಯನ್ನು ನೋಡಿಯೇ ಇರುತ್ತಾರೆ. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಎದುರಿಗೆ ಎರಡು ಹಿಡಿ, ಬಣ್ಣ ಹೋದ ಗುಂಡಿಗಳು, ನಡುವೆ ಗಾಜು. ಬಸ್ಸು ತಡವಾದ ದಿನ ಅದರ ಮುಂದೆ ಐದಾರು ಹುಡುಗರು ಬೆನ್ನಿಗೆ ಬ್ಯಾಗು ಹಾಕಿಕೊಂಡೇ ನಿಂತಿರುತ್ತಾರೆ. ಒಳಗಿರುವುದು 'ಮುಸ್ತಫಾ'.

ಆಟದ ಅಸಲು ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಜಪಾನಿನ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಬಿಟ್ಟದ್ದು. ನಾಲ್ಕು ಜನ ಹೀರೋಗಳಲ್ಲಿ ಒಬ್ಬನ ಹೆಸರು ಮುಸ್ತಫಾ. ಅಷ್ಟುದ್ದದ ಇಂಗ್ಲಿಷ್ ಹೆಸರು ಯಾರು ಹೇಳುತ್ತಾರೆ ಸ್ವಾಮಿ, ನಮ್ಮ ಹುಡುಗರು ಇಡೀ ಆಟಕ್ಕೇ ಮುಸ್ತಫಾ ಎಂದು ನಾಮಕರಣ ಮಾಡಿದರು. ಇಲ್ಲಿ ಮಾತ್ರವಲ್ಲ, ದೇಶದ ಎಷ್ಟೋ ಊರುಗಳಲ್ಲಿ ಅದೇ ಹೆಸರು. (ಗೌಡರ ಪೆಟ್ಟಿಗೆಯೊಳಗಿನ ಬೋರ್ಡು ಅಸಲಿಯೋ ನಕಲಿಯೋ ಎಂದು ಮಾತ್ರ ಯಾರೂ ಕೇಳಬಾರದು.)

ಈ ಮುಸ್ತಫಾನಿಗೆ ಕಳೆದ ಮಳೆಗಾಲದಿಂದ ಕಣ್ಣು ಮಂಜಾಗುತ್ತಾ ಬಂತು. ಸ್ವಿಚ್ ಹಾಕಿ ಕಾಲು ಗಂಟೆ ಕಾದರೆ ಚಿತ್ರ ಮೆಲ್ಲಗೆ ಏಳುತ್ತಿತ್ತು. ಎದ್ದರೂ ಕೆಂಪೆಲ್ಲ ಕಲಸಿಕೊಂಡು, ರಾಕ್ಷಸ ಯಾರು ಹೀರೋ ಯಾರು ತಿಳಿಯದು. ಆಟ ಆರಿಸಿದ ಮೇಲೂ ಗಾಜಿನ ಮೇಲ್ಭಾಗದಲ್ಲಿ ಪ್ರಾಣದ ಪಟ್ಟಿ ಅಚ್ಚೊತ್ತಿದಂತೆ ಕಾಣುತ್ತಿತ್ತು. ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. ಗೌಡರ ಮುಖ ಸಪ್ಪಗಾಯಿತು. "ಆಟದ ದುಡ್ಡು ಏನ್ ಮಹಾ ಸಾರ್? ಆಡೋಕ್ ಬಂದೋನು ಎರಡು ಪಫ್ ತಿಂತಾನೆ, ಜೊತೆಗಿರೋನು ಒಂದು ಬಾದಾಮಿ ಹಾಲು ಕುಡೀತಾನೆ. ನಂಗೆ ನಷ್ಟ ಆಗಿರೋದು ಅಲ್ಲಿ" ಎಂದರು. ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಆ ಜಾಗಕ್ಕೆ ಇನ್ನೊಂದು ಫ್ರಿಜ್ ಇಡುವ ಯೋಚನೆಯೂ ಬಂದಿತ್ತು.

ಟಿವಿ ರಿಪೇರಿ ಸಾಬರನ್ನು ಕರೆಸಿದರು. ಸಾಬರು ಹಿಂದಿನ ಹಲಗೆ ಬಿಚ್ಚಿ, ಕನ್ನಡಿ ಹಿಡಿದು ಹತ್ತು ನಿಮಿಷ ನೋಡಿ ಹೇಳಿದ್ದು ಇಷ್ಟು: "ಗೌಡ್ರೇ, ಚಿತ್ರ ಒಂದು ಗೆರೆ ಆಗಿ ಮಲಗಿದ್ರೆ ವರ್ಟಿಕಲ್ ಐಸಿ ಹಾಕಿ ಎಬ್ಬಿಸ್ತಿದ್ದೆ. ಅಂಚು ನಡುಗ್ತಿದ್ರೆ ಕಂಡೆನ್ಸರ್ ಬದಲಾಯಿಸ್ತಿದ್ದೆ. ಇದು ಟ್ಯೂಬೇ ಮುದುಕ ಆಗಿರೋದು. ಮುದುಕನಿಗೆ ಎಷ್ಟು ಇಂಜೆಕ್ಷನ್ ಕೊಡ್ತೀರಾ?"

ಪೆಟ್ಟಿಗೆ ಇಟ್ಟುಕೊಂಡಿರುವ ಬೇರೆ ಅಂಗಡಿಯವರೂ ಈ ಮಾತನ್ನು ಗಮನಿಸಬೇಕು. ಚಿತ್ರ ಕೆಟ್ಟಿತೆಂದ ಕೂಡಲೇ ಎಲ್ಲವನ್ನೂ ಕಿತ್ತು ಬಿಸಾಡುವ ಅಗತ್ಯವಿಲ್ಲ. ಸರ್ಕ್ಯೂಟಿನ ಕಾಯಿಲೆಗೆ ಇನ್ನೂ ಔಷಧಿಯಿದೆ. ಟ್ಯೂಬಿನ ಕಾಯಿಲೆಗೆ ಇನ್ನೊಂದು ಟ್ಯೂಬೇ ಬೇಕು, ಅದೂ ಹಳೇ ಟಿವಿಯಿಂದ ಕಿತ್ತದ್ದೇ ಆಗಬೇಕು. ಅದರ ಆಯುಸ್ಸು ಎಷ್ಟೆಂದು ಬರೆದುಕೊಡುವವರು ಯಾರು?

ಇಲ್ಲಿಂದ ಗೌಡರ ಮಗನ ಪ್ರವೇಶ. ಹುಡುಗ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಒಂದು 24 ಇಂಚಿನ ಎಲ್‌ಇಡಿ ಟಿವಿ, ಜೊತೆಗೆ ಅಂಗೈಯಗಲದ ಒಂದು ಡಬ್ಬಿ ತಂದ. ಅಂಗಡಿಯವನು "ಎಲ್ಲಾ ವೀಡಿಯೋಗೂ ಆಗುತ್ತೆ" ಎಂದಿದ್ದನಂತೆ. ಯಾವ ಅಂಗಡಿ ಎಂಬುದು ಬೇಡ. ಮನೆಗೆ ತಂದು ಜೋಡಿಸಿದರೆ ಟಿವಿಯಲ್ಲಿ ನೀಲಿ ಪರದೆ ಬಿಟ್ಟು ಇನ್ನೇನೂ ಇಲ್ಲ. ಕಾರಣ ಸರಳ. ಆ ಡಬ್ಬಿಗೆ ಮೂರು ಬಣ್ಣವೂ ಕಲೆತು ಒಂದೇ ವೈರಿನಲ್ಲಿ ಬರಬೇಕು, ಹಳೇ ಡಿವಿಡಿ ಪ್ಲೇಯರಿನ ಹಳದಿ ವೈರಿನ ಹಾಗೆ. ಆಟದ ಬೋರ್ಡಿನಿಂದ ಬರುವುದು ಐದು ವೈರು: ಕೆಂಪು, ಹಸಿರು, ನೀಲಿ ಬೇರೆ ಬೇರೆ, ತಾಳ ಹಾಕಲು ಸಿಂಕ್ ಒಂದು, ಅರ್ತ್ ಒಂದು.

ಹಾಗಾದರೆ ಆ ಐದು ವೈರನ್ನು ನೇರವಾಗಿ ಕಂಪ್ಯೂಟರ್ ಮಾನಿಟರಿಗೆ ಕೊಟ್ಟರಾಯಿತಲ್ಲ ಎಂದು ನಾನೂ ಕೇಳಿದೆ. ಸಾಬರು ನಕ್ಕರು. ಲೆಕ್ಕ ಇರುವುದು ಗೆರೆಯಲ್ಲಿ. ಹಳೇ ಆಟದ ಬೋರ್ಡು ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುವ ವೇಗದಲ್ಲಿ ಚಿತ್ರ ಕಳಿಸುತ್ತದೆ. ದೂರದರ್ಶನ ನೋಡುತ್ತಿದ್ದ ನಮ್ಮ ಡಬ್ಬಾ ಟಿವಿಯ ಲೆಕ್ಕ 15,625. ಎರಡೂ ಅಕ್ಕಪಕ್ಕದ ಮನೆಯವು. ಆದ್ದರಿಂದಲೇ ಹಳೇ ಮೆಕ್ಯಾನಿಕ್ಕುಗಳು ಮನೆಯ ಕಲರ್ ಟಿವಿಯ ಹೊಟ್ಟೆ ಬಿಚ್ಚಿ ಇಂಥ ಪೆಟ್ಟಿಗೆಗಳಲ್ಲಿ ಕೂರಿಸಿ ಕೆಲಸ ನಡೆಸಿದ್ದು. ಕಂಪ್ಯೂಟರ್ ಮಾನಿಟರಿಗೆ ಸಾಮಾನ್ಯವಾಗಿ 31,500 ಆದರೂ ಬೇಕು. ಅದಕ್ಕಿಂತ ನಿಧಾನದ್ದು ಬಂದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ನಡುವೆ ಗೆರೆಗಳನ್ನು ಹಿಡಿದಿಟ್ಟು ದುಪ್ಪಟ್ಟು ವೇಗದಲ್ಲಿ ಕೊಡುವ ಕನ್ವರ್ಟರ್ ಬೋರ್ಡು ಬೇಕು. ಸಿಗುತ್ತದೆ, ಚೀನಾದ್ದು ಅಗ್ಗಕ್ಕೇ ಸಿಗುತ್ತದೆ. ಕೇಳುವಾಗ ಮಾತ್ರ '15 ಕಿಲೋಹರ್ಟ್ಸ್ ಆರ್‌ಜಿಬಿ ತಗೊಂಡು ವಿಜಿಎ ಕೊಡೋದು' ಎಂದು ಬಾಯಿಬಿಟ್ಟು ಕೇಳಬೇಕು. ಇನ್ನೊಂದು ಮಾತು, ಆಟದ ಬೋರ್ಡಿನ ಬಣ್ಣದ ವೋಲ್ಟೇಜು ಕಂಪ್ಯೂಟರಿನದಕ್ಕಿಂತ ಜಾಸ್ತಿ. ತಗ್ಗಿಸದೆ ಕೊಟ್ಟರೆ ಮುಖವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬರುತ್ತದೆ.

ಎರಡನೇ ಸಲ ಸರಿಯಾದ ಬೋರ್ಡು ಬಂತು, ಟಿವಿಯಲ್ಲಿ ಚಿತ್ರವೂ ಬಂತು. ಗೌಡರು ಊದುಬತ್ತಿ ಹಚ್ಚಿದರು. ಆದರೆ ಸಂಜೆ ಬಂದ ಹುಡುಗರ ಮುಖ ಅರಳಲಿಲ್ಲ. ಅಗಲದ ಟಿವಿಗೆ ಎಳೆದು ಮುಸ್ತಫಾ ಡುಮ್ಮ ಆಗಿದ್ದ. ಅದಾದರೂ ಸಹಿಸಬಹುದಿತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಪೋರ ಐದೇ ನಿಮಿಷದಲ್ಲಿ ಹಿಡಿ ಬಿಟ್ಟು, "ಅಂಕಲ್, ನಾನು ಗುಂಡಿ ಒತ್ತಿ ಆದ್ಮೇಲೆ ಯೋಚ್ನೆ ಮಾಡಿ ಹೊಡೀತಾನೆ ಇವ್ನು" ಎಂದುಬಿಟ್ಟ.

ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಈ ಆಟ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತದೆ. ಟ್ಯೂಬಿನಲ್ಲಿ ಚಿತ್ರ ಬಂದ ಹಾಗೇ ಗಾಜಿಗೆ ಬೀಳುತ್ತದೆ, ನಡುವೆ ತಡೆಯಿಲ್ಲ. ಈಗಿನ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಹಿಡಿದಿಟ್ಟು ಹಿಗ್ಗಿಸಿ, ತಿದ್ದಿ, ತೀಡಿ, ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ಆಮೇಲೆ ಹೊರಬಿಡುತ್ತದೆ. ಹೀಗೆ ಆರು ಚಿತ್ರದಷ್ಟು ತಡವಾದರೆ ಸೆಕೆಂಡಿನ ಹತ್ತರಲ್ಲೊಂದು ಭಾಗ ಹೋಯಿತು. ಸಿನಿಮಾ ನೋಡುವವನಿಗೆ ಅದು ಲೆಕ್ಕವೇ ಅಲ್ಲ. ಒದೆಯುವವನಿಗೆ ಅಷ್ಟರಲ್ಲಿ ಒದೆ ಬಿದ್ದಿರುತ್ತದೆ. ಹುಡುಗರು ಕೊಡುವುದು ಆ ಕೈಚಳಕಕ್ಕೆ ಕಾಸು. ಚಿತ್ರ ಎಷ್ಟು ಫಳಫಳ ಹೊಳೆದರೂ ಅವರಿಗೆ ಬೇಕಾಗಿಲ್ಲ. ಕೆಲವು ಟಿವಿಗಳಲ್ಲಿ 'ಗೇಮ್ ಮೋಡ್' ಎಂದಿರುತ್ತದೆ, ಹಾಕಿದರೆ ತಡ ಕಡಿಮೆಯಾಗುತ್ತದೆ. ಗೌಡರು ತಂದ ಟಿವಿಯಲ್ಲಿ ಅದಿರಲಿಲ್ಲ. ಆ ಟಿವಿ ಈಗ ಬೇಕರಿಯ ಗೋಡೆಯಲ್ಲಿ ಕ್ರಿಕೆಟ್ ತೋರಿಸುತ್ತಿದೆ.

ಕೊನೆಗೆ ಕೈಹಿಡಿದದ್ದು ಯಾವುದೋ ಆಫೀಸಿನಿಂದ ಹೊರಬಿದ್ದಿದ್ದ 19 ಇಂಚಿನ ಚೌಕಾಕಾರದ ಎಲ್‌ಸಿಡಿ ಮಾನಿಟರು. ಇಂಥವು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಸಿಂಗಾರದ ಉಪದ್ರವ ಕಡಿಮೆ, ಆಕಾರವೂ ಹಳೇ ಟ್ಯೂಬಿಗೆ ಹತ್ತಿರ. ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಬಿಟ್ಟು ಸಾಬರು ಅಳತೆ ಹೊಂದಿಸಿದರು. ಸುತ್ತ ಉಳಿದ ಸಂದಿಗೆ ಕಪ್ಪು ರಟ್ಟು. ತೆಗೆದುಕೊಳ್ಳುವವರು ಒಂದು ಪರೀಕ್ಷೆ ಮಾಡಲಿ: ಮಾನಿಟರ್ ಹೊತ್ತಿಸಿ, ಕೆಳಗೆ ಕೂತು ಮೇಲೆ ನೋಡಿ. ಬಣ್ಣ ಕಪ್ಪಾಗಿ ತಿರುಗಿದರೆ ಬೇಡ. ಪೆಟ್ಟಿಗೆಯಲ್ಲಿ ಪರದೆ ಹಿಂದಕ್ಕೆ ವಾಲಿರುತ್ತದೆ, ಗಿಡ್ಡ ಹುಡುಗರು ನೋಡುವುದು ಕೆಳಗಿನಿಂದಲೇ.

ಟ್ಯೂಬು ಇಳಿಸುವಾಗ ಮಾತ್ರ ಸಾಬರು ಎಲ್ಲರನ್ನೂ ಆಚೆ ಕಳಿಸಿದರು, ಗೌಡರನ್ನೂ ಸೇರಿಸಿ. ಪಿಕ್ಚರ್ ಟ್ಯೂಬಿನ ಬೆನ್ನಿನ ಮೇಲೆ ರಬ್ಬರ್ ಟೋಪಿ ಇರುವ ಕಡೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವೋಲ್ಟೇಜು. ಪ್ಲಗ್ ಕಿತ್ತ ಮೇಲೂ ಒಳಗೆ ಕೂತಿರುತ್ತದೆ. ಅರ್ತಿಗೆ ಕಟ್ಟಿದ ಸ್ಕ್ರೂಡ್ರೈವರಿನಿಂದ ಮೊದಲು ಅದನ್ನು ಇಳಿಸಬೇಕು, ಒಂದು ಸಲ ಸಾಲದೆಂದು ಸಾಬರು ಎರಡು ಸಲ ಇಳಿಸಿದರು. ಕತ್ತು ಮುರಿದರೆ ಗಾಜು ಸಿಡಿಯುವ ಅಪಾಯ ಬೇರೆ. ಗೊತ್ತಿಲ್ಲದವರು ಮೊಬೈಲ್ ನೋಡಿಕೊಂಡು ಕೈಹಾಕುವ ಕೆಲಸವಲ್ಲ ಇದು.

ಟ್ಯೂಬು ಹೊರಬಂದ ಮೇಲೆ ಪೆಟ್ಟಿಗೆ ಹಗುರವಾಗಿ, ಹುಡುಗರು ಹಿಡಿ ಜಗ್ಗಿದರೆ ಅಲ್ಲಾಡತೊಡಗಿತು. ತಳದಲ್ಲಿ ನಾಲ್ಕು ಇಟ್ಟಿಗೆ ಇಟ್ಟರು. ಕರೆಂಟು ಉಳಿತಾಯವೂ ಆಗಿದೆ: ಟ್ಯೂಬಿಗೆ ಎಂಬತ್ತು ನೂರು ವ್ಯಾಟ್ ಬೇಕಿದ್ದ ಕಡೆ ಈಗ ಮೂವತ್ತರ ಆಸುಪಾಸು. ಕರೆಂಟು ಹೋದಾಗ ಯುಪಿಎಸ್ ಮೇಲೆ ನಡೆಯುತ್ತದೆ, ಇದು ಗೌಡರ ದೊಡ್ಡ ಸಂತೋಷ.

ಚಿತ್ರ ಮೊದಲಿನ ಹಾಗಿದೆಯೇ? ಇಲ್ಲ ಎನ್ನುತ್ತಾರೆ ಸಾಬರು. "ಟ್ಯೂಬಲ್ಲಿ ಬಟ್ಟೆ ನೇಯ್ದಂಗಿತ್ತು. ಇದ್ರಲ್ಲಿ ಟೈಲ್ಸ್ ಕೂರ್ಸಿದಂಗಿದೆ." ಆಟದ ಚಿತ್ರವೆಂದರೆ ಅಡ್ಡಕ್ಕೆ 384 ಚುಕ್ಕೆ, ಉದ್ದಕ್ಕೆ 224 ಗೆರೆ, ಅಷ್ಟೇ. ಟ್ಯೂಬಿನಲ್ಲಿ ಗೆರೆಗೆರೆಗಳ ನಡುವಿನ ಕತ್ತಲು ಅದನ್ನು ಮೆತ್ತಗೆ ಮಾಡುತ್ತಿತ್ತು. ಎಲ್‌ಸಿಡಿಯಲ್ಲಿ ಒಂದೊಂದು ಚುಕ್ಕೆಯೂ ಕಲ್ಲಾಗಿ ನಿಲ್ಲುತ್ತದೆ. ಓಡುವಾಗ ಅಂಚಿನಲ್ಲಿ ಸ್ವಲ್ಪ ಕಲೆಸುವುದೂ ಉಂಟು. ಅಗ್ಗದ ಕನ್ವರ್ಟರಿನ ಹಣೆಬರಹ ಅದು. ಆದರೆ ಆ ಒಂಬತ್ತನೇ ಕ್ಲಾಸಿನ ಪೋರ ಆಡಿ ನೋಡಿ "ಓಕೆ ಅಂಕಲ್" ಎಂದ ಮೇಲೆ ಗೌಡರು ಬೇರೆಯವರ ಅಭಿಪ್ರಾಯ ಕೇಳಲಿಲ್ಲ.

ಬಂದೂಕಿನ ಆಟದ ಪೆಟ್ಟಿಗೆ ಇಟ್ಟುಕೊಂಡವರು ಮಾತ್ರ ಈ ದಾರಿ ಹಿಡಿಯಬಾರದು. ಬೆಳಕು ಹಿಡಿಯುವ ಹಳೇ ಬಂದೂಕಿಗೆ ಟ್ಯೂಬಿನ ಗೆರೆ ಓಡುವ ಕ್ಷಣವೇ ಗುರುತು. ಎಲ್‌ಸಿಡಿ ಮುಂದೆ ಅದು ಕುರುಡು.

ಉಳಿದದ್ದು ಹಳೇ ಟ್ಯೂಬು. ಗುಜರಿಯವನು ಕೇಳಿದ್ದು ಯೋಕಿನ ತಾಮ್ರವನ್ನು ಮಾತ್ರ, ಗಾಜನ್ನು ಮೋರಿ ಪಕ್ಕ ಒಡೆದು ಹಾಕುತ್ತೇನೆ ಎಂದ. ಆ ಗಾಜಿನಲ್ಲಿ ಸೀಸ ಇರುತ್ತದೆ. ಸಾಬರು ಕೊಡಲಿಲ್ಲ. ಸದ್ಯಕ್ಕೆ ಗೋಣಿಚೀಲ ಸುತ್ತಿ ತಮ್ಮ ಅಂಗಡಿಯ ಬೆಂಚಿನ ಕೆಳಗೆ ಇಟ್ಟುಕೊಂಡಿದ್ದಾರೆ. ಕಾಲು ಚಾಚಲು ಜಾಗವಿಲ್ಲ ಎಂದು ಅವರ ಶಿಷ್ಯ ದಿನಾ ಗೊಣಗುತ್ತಾನೆ.