ಹಿತ್ತಿಲಲ್ಲಿ ಸಾವಿರ ಡಿಗ್ರಿ

ಮನೆಯಲ್ಲಿ ಮಡಕೆ ಸುಡಲು ತರುವ ಪುಟ್ಟ ವಿದ್ಯುತ್ ಗೂಡು ನೋಡುವುದಕ್ಕೆ ಏನೇನೂ ಅಲ್ಲ. ಸೊಂಟದೆತ್ತರದ ಡಬ್ಬ, ಒಳಗೋಡೆಯ ತೋಡುಗಳಲ್ಲಿ ಸುರುಳಿ ತಂತಿ, ಮೇಲೊಂದು ಮುಚ್ಚಳ. ಆದರೆ ಗ್ಲೇಜ್ ಹಚ್ಚುವ ಮುಂಚಿನ ಸುಡುವಿಕೆಗೇ ಇದರೊಳಗೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬೇಕು. ಬೆಳ್ಳಿ ಕರಗುವುದು 962ಕ್ಕೆ. ಸ್ಟೋನ್‌ವೇರ್‌ಗಾದರೆ 1240ರ ಆಸುಪಾಸಿಗೆ ಏರಬೇಕು. ಅಷ್ಟರಲ್ಲಿ 1064ಕ್ಕೆ ಚಿನ್ನ, 1085ಕ್ಕೆ ತಾಮ್ರ ನೀರಾಗಿ ಹರಿದಿರುತ್ತವೆ. ನಿಮ್ಮ ಕೈಯಲ್ಲಿ ಮೂಡಿದ ಲೋಟ ಮಾತ್ರ ಆಕಾರ ಬಿಡದೆ ನಿಂತಿರುತ್ತದೆ.

ತಂತಿಯೂ ನಿಲ್ಲುತ್ತದೆ. ಕಬ್ಬಿಣ, ಕ್ರೋಮಿಯಂ ಜೊತೆ ಅದರಲ್ಲಿ ಕೊಂಚ ಅಲ್ಯುಮಿನಿಯಂ ಇದೆ. ಒಂಟಿಯಾಗಿದ್ದರೆ 660ಕ್ಕೇ ಕರಗುವ ಈ ಲೋಹ, ಇಲ್ಲಿ ಆಮ್ಲಜನಕದ ಜೊತೆ ಸೇರಿ ತಂತಿಯ ಮೈಮೇಲೆ ತೆಳ್ಳಗಿನ ಪೊರೆ ಕಟ್ಟುತ್ತದೆ. ಆ ಪೊರೆ ಕರಗಬೇಕಾದರೆ 2000 ಡಿಗ್ರಿ ದಾಟಬೇಕು!

ವಿದ್ಯುತ್ತಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. 3 ಕಿಲೋವ್ಯಾಟ್ ಗೂಡು 13 ಆಂಪಿಯರ್ ಎಳೆಯುತ್ತದೆ, 7 ಕಿಲೋವ್ಯಾಟಿನದು 30. ಇದಕ್ಕೆ ಪ್ರತ್ಯೇಕ ವೈರಿಂಗ್, ಎಂಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು.

ಹೊಸಬರು ಹೆದರುವುದು ಬೆಂಕಿಗೆ, ಹೆದರಬೇಕಾದದ್ದು ನೀರಿಗೆ. 100 ಡಿಗ್ರಿಯಲ್ಲಿ ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ದಪ್ಪ ತಳದಲ್ಲಿ ತೇವ ಉಳಿದಿದ್ದು ಕಾವು ಬೇಗ ಏರಿದರೆ ಮಡಕೆ ಸಿಡಿಯುತ್ತದೆ, ಪಕ್ಕದವನ್ನೂ ಒಡೆಯುತ್ತದೆ. ಅದಕ್ಕೇ ಗೂಡನ್ನು 90ರ ಹತ್ತಿರ ಗಂಟೆಗಟ್ಟಲೆ ತಡೆದು ನಿಲ್ಲಿಸುವುದು. ಇಣುಕುಕಿಂಡಿಯ ಎದುರು ಸಣ್ಣ ಕನ್ನಡಿ ಹಿಡಿಯಿರಿ: ಮಂಜು ಕಟ್ಟಿದರೆ ಒಳಗೆ ಇನ್ನೂ ತೇವವಿದೆ ಎಂದರ್ಥ.

ತೇವ ಪೂರ್ತಿ ಹೋದರೂ ನೀರು ಮುಗಿಯುವುದಿಲ್ಲ. ಬಿಳಿ ಜೇಡಿಯ ಮುಖ್ಯ ಖನಿಜ ಕೆಯೊಲಿನೈಟ್. ಅದರ ತೂಕದಲ್ಲಿ ಶೇ. 14ರಷ್ಟು ನೀರು ಅಣುಗಳೊಳಗೇ ಬೆಸೆದುಕೊಂಡಿರುತ್ತದೆ, 450 ಡಿಗ್ರಿ ದಾಟಿದ ಮೇಲಷ್ಟೇ ಬಿಟ್ಟುಕೊಡುತ್ತದೆ. ಒಂದು ಕಿಲೋ ಶುದ್ಧ ಖನಿಜದಲ್ಲಿ 140 ಗ್ರಾಂ. ಕೈಯಲ್ಲಿ ಹಿಡಿದರೆ ಮುಕ್ಕಾಲು ಲೋಟದಷ್ಟು. 500 ಡಿಗ್ರಿಯಲ್ಲಿ ಆವಿಯಾಗಿ ಹೊರಬಿದ್ದರೆ ಸುಮಾರು 490 ಲೀಟರ್. 200 ಲೀಟರಿನ ಎರಡು ಡ್ರಮ್ ತುಂಬಿ ಮಿಗುತ್ತದೆ! ಇಷ್ಟೂ ಆವಿ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ನುಸುಳಿ ಬರಬೇಕು. ಆ ನೀರು ಹೋದ ಮಣ್ಣು ಮತ್ತೆ ಕಲಸಲು ಬಾರದು.

ಮುಂದೆ 573. ಮಣ್ಣಿನೊಳಗಿನ ಬೆಣಚುಕಲ್ಲಿನ ಕಣಗಳು ಅಲ್ಲಿ ಸ್ಫಟಿಕರೂಪ ಬದಲಿಸಿ ಥಟ್ಟನೆ ಹಿಗ್ಗುತ್ತವೆ. ಆರುವಾಗ ಅದೇ ಅಂಕಿಯಲ್ಲಿ ಕುಗ್ಗುತ್ತವೆ. ಗಾತ್ರದಲ್ಲಿ ಶೇ. 1ರಷ್ಟು ವ್ಯತ್ಯಾಸ, ತಟ್ಟೆ ಸೀಳಲು ಅಷ್ಟು ಸಾಕು. ನಮ್ಮ ಕುಂಬಾರರು ಮೀಟರಿಲ್ಲದ ಆವಿಗೆಯಲ್ಲಿ, ಹುಲ್ಲು ಬೆರಣಿಯ ಕಾವಿನಲ್ಲಿ, ಹೊಗೆಯನ್ನೂ ಕೆಂಡದ ಬಣ್ಣವನ್ನೂ ನೋಡಿಯೇ ಈ ಗಡಿ ದಾಟಿಸಿದವರು. ಅಂಥ ಕಣ್ಣು ಯಾವ ಯಂತ್ರಕ್ಕೂ ಕಡಿಮೆಯದಲ್ಲ.

ಒಂದು ಲೆಕ್ಕ ಮಾತ್ರ ತಿಗರಿ ತಿರುಗಿಸುವ ಮೊದಲೇ ತಲೆಯಲ್ಲಿರಲಿ. ಹಸಿಯಿಂದ ಸುಟ್ಟ ಸ್ಥಿತಿಗೆ ಬರುವಷ್ಟರಲ್ಲಿ ಉದ್ದ ಅಗಲ ಎತ್ತರ ಮೂರೂ ಶೇ. 12 ಕುಗ್ಗಿದರೆ, ಒಂದು ಲೀಟರ್ ಹಿಡಿಯುವ ಹೂಜಿ 680 ಮಿಲಿಲೀಟರಿಗೆ ಇಳಿಯುತ್ತದೆ.

ಕೊನೆಗೆ, ಗೂಡು ಆರಿಸಿದ ಮೇಲೆ ಅವಸರ ಬೇಡ. 1000 ಡಿಗ್ರಿಯ ಗೋಡೆ ನಿಮ್ಮ ಮನೆಯ ಗೋಡೆಗಿಂತ 300 ಪಟ್ಟು ಮೀರಿ ಶಾಖ ಸೂಸುತ್ತದೆ. ಅಂಕಿ 100ಕ್ಕಿಂತ ಕೆಳಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ.