ಪಥ್ಯ ಹಿಡಿದು ಮೂರು ವಾರ: ಹೊಟ್ಟೆ ಇನ್ನೂ ಸರಿಯಾಗಿಲ್ಲವೇ?

ಊಟವಾದ ಅರ್ಧ ಗಂಟೆಯಲ್ಲಿ ಹೊಟ್ಟೆ ಉಬ್ಬುತ್ತದೆ. ಒಂದು ದಿನ ಭೇದಿ, ಮರುದಿನ ಮಲಬದ್ಧತೆ. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಮಾಡಿಸಿದರೂ ವರದಿಯಲ್ಲಿ ಏನೂ ಇಲ್ಲ. ಕೊನೆಗೆ ವೈದ್ಯರು ಇದು ಐಬಿಎಸ್, ಅಂದರೆ ಕರುಳು ಅತಿಸೂಕ್ಷ್ಮವಾಗಿರುವ ತೊಂದರೆ ಎಂದು ಹೇಳಿ, ಕೆಲವು ಆಹಾರಗಳನ್ನು ಕೆಲವು ವಾರ ಬಿಟ್ಟು ನೋಡಿ ಎನ್ನುತ್ತಾರೆ. ಮೊದಲ ವಾರ ಉತ್ಸಾಹದಲ್ಲಿ ಕಳೆದುಹೋಗುತ್ತದೆ. ಮೂರನೇ ವಾರಕ್ಕೆ ಬಂದಾಗ ನೋವು ಹಾಗೇ ಇದೆ ಅನಿಸುತ್ತದೆ, ನಾಲಿಗೆ ಸಪ್ಪೆಯಾಗಿದೆ, ಮನೆಯವರು 'ಒಂದು ತುತ್ತು ತಿಂದರೆ ಏನಾಗುತ್ತದೆ' ಎನ್ನತೊಡಗುತ್ತಾರೆ. ಹೆಚ್ಚಿನವರು ಪಥ್ಯ ಬಿಡುವುದು ಇಲ್ಲಿಯೇ. ಹಾಗೆ ಬಿಡುವ ಮೊದಲು ಈ ಪಥ್ಯ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಇದನ್ನು ರೂಪಿಸಿದ್ದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ತಂಡ. ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಗಳು ಅವನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಈ ಸಕ್ಕರೆಗಳಿಗೆಲ್ಲ ಸೇರಿಸಿ ಫಾಡ್‌ಮ್ಯಾಪ್ ಎಂದು ಹೆಸರಿಟ್ಟಿದ್ದಾರೆ. ಗ್ಯಾಸ್ ಎಲ್ಲರಲ್ಲೂ ಆಗುತ್ತದೆ. ಕರುಳು ಸೂಕ್ಷ್ಮವಾಗಿರುವವರಿಗೆ ಮಾತ್ರ ಆ ಹಿಗ್ಗುವಿಕೆ ನೋವಾಗಿ ತಿಳಿಯುತ್ತದೆ.

ಇದು ಅಲರ್ಜಿಯಲ್ಲ. ಒಂದು ದಿನ ತಪ್ಪಿ ತಿಂದರೆ ಆ ದಿನ ಅಥವಾ ಮರುದಿನ ಹೊಟ್ಟೆ ಕೆಡಬಹುದು, ಆದರೆ ಕರುಳಿಗೆ ಗಾಯವಾಗುವುದಿಲ್ಲ. ನಿಕಾಹ್ ಊಟದಲ್ಲಿ ಬಿರಿಯಾನಿ ತಿಂದುಬಿಟ್ಟಿರಿ ಎಂದುಕೊಳ್ಳಿ. ಎರಡು ವಾರದ ಶ್ರಮವೆಲ್ಲ ನೀರಿಗೆ ಹೋಯಿತೆಂದು ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ಮುಂದಿನ ಊಟದಿಂದ ಪಥ್ಯಕ್ಕೆ ಮರಳಿ, ಪುಸ್ತಕದಲ್ಲಿ ಒಂದು ಗುರುತು ಹಾಕಿದರೆ ಸಾಕು. ಆದರೆ ಗೋಧಿಯಿಂದ ಕರುಳಿಗೆ ನಿಜವಾಗಿ ಹಾನಿಯಾಗುವ ಸೀಲಿಯಾಕ್ ಎಂಬ ಬೇರೊಂದು ಕಾಯಿಲೆ ಇದೆ. ಅದರಲ್ಲಿ ಈ ಸಡಿಲಿಕೆ ಇಲ್ಲ. ಅದಕ್ಕೆ ರಕ್ತಪರೀಕ್ಷೆ ಇದೆ, ಆದರೆ ಗೋಧಿ ತಿನ್ನುತ್ತಿರುವಾಗ ಮಾಡಿಸಿದರೆ ಮಾತ್ರ ಫಲಿತಾಂಶವನ್ನು ನಂಬಬಹುದು. ಆದ್ದರಿಂದ ಪರೀಕ್ಷೆ ಮೊದಲು, ಪಥ್ಯ ಆಮೇಲೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಯಾವುದಿದ್ದರೂ ಪಥ್ಯದ ಮಾತು ಬಿಟ್ಟು ಮೊದಲು ವೈದ್ಯರ ಬಳಿ ಹೋಗಿ. ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಆಹಾರತಜ್ಞರ ಸಲಹೆಯಿಲ್ಲದೆ ಇದನ್ನು ಮಾಡಬಾರದು.

ಈ ಪಥ್ಯದಲ್ಲಿ ಮೂರು ಹಂತಗಳಿವೆ. ಮೊದಲನೆಯದು ಬಿಡುವ ಹಂತ, ಎರಡರಿಂದ ಆರು ವಾರ. ಎರಡನೆಯದು ಬಿಟ್ಟದ್ದನ್ನು ಒಂದೊಂದಾಗಿ ತಿಂದು ಪರೀಕ್ಷಿಸುವ ಹಂತ. ಮೂರನೆಯದು ನಿಮಗೆ ಒಗ್ಗದ್ದನ್ನು ಮಾತ್ರ ಕಡಿಮೆ ಮಾಡಿ ಉಳಿದದ್ದನ್ನೆಲ್ಲ ತಿನ್ನುವ ಹಂತ. ಮೊದಲ ಹಂತವೇ ಇಡೀ ಪಥ್ಯ, ಜೀವನಪೂರ್ತಿ ಹೀಗೆಯೇ ಎಂದುಕೊಂಡವರು ಬೇಗ ಕೈಚೆಲ್ಲುತ್ತಾರೆ. ಆದ್ದರಿಂದ ಶುರು ಮಾಡುವ ದಿನವೇ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಕ್ಕೂ ಗುರುತು ಹಾಕಿ. ನೆಂಟರ ಮನೆಯಲ್ಲಿ 'ನನಗೆ ಅದು ಆಗುವುದಿಲ್ಲ' ಎಂದರೆ ಒತ್ತಾಯ ಹೆಚ್ಚಾಗುತ್ತದೆ. 'ಮುಂದಿನ ತಿಂಗಳ 10ರವರೆಗೆ ಡಾಕ್ಟರ್ ಬೇಡ ಅಂದಿದ್ದಾರೆ, ಆಮೇಲೆ ಖಂಡಿತ ತಿನ್ನುತ್ತೇನೆ' ಎಂದರೆ ಯಾರಿಗೂ ಬೇಸರವಿಲ್ಲ.

ಇನ್ನು, ಫಲಿತಾಂಶ ನಿಧಾನ ಎಂಬ ದೂರಿಗೆ ಬರೋಣ. ಈ ತೊಂದರೆಯ ಸ್ವಭಾವವೇ ಏರಿಳಿತ. ನಿದ್ದೆಗೆಟ್ಟರೆ, ಮನಸ್ಸಿಗೆ ಚಿಂತೆ ಹತ್ತಿದರೆ, ಮುಟ್ಟಿನ ದಿನಗಳಲ್ಲಿ, ತಿಂದದ್ದು ಸರಿಯಿದ್ದರೂ ಹೊಟ್ಟೆ ಕೆಡುತ್ತದೆ. ಇವತ್ತಿನ ಹೊಟ್ಟೆಯನ್ನು ನಿನ್ನೆಯದಕ್ಕೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ವಾರಕ್ಕೆ ವಾರವನ್ನು ಹೋಲಿಸಬೇಕು. ರಾತ್ರಿ ಮಲಗುವ ಮುನ್ನ ಆ ದಿನದ ತೊಂದರೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಿರಿ. ಪಥ್ಯಕ್ಕೆ ಮುಂಚಿನ ಒಂದು ವಾರದಿಂದಲೇ ಬರೆದರೆ ಇನ್ನೂ ಒಳ್ಳೆಯದು. ಆ ವಾರದ ಅಂಕಗಳು 6, 7, 7, 8, 6, 7, 8 ಎಂದಿಟ್ಟುಕೊಳ್ಳಿ. ಒಟ್ಟು 49, ಸರಾಸರಿ 7. ನಾಲ್ಕನೇ ವಾರದಲ್ಲಿ 4, 5, 3, 8, 5, 4, 6. ಒಟ್ಟು 35, ಸರಾಸರಿ 5. ಆ ವಾರದ ಬುಧವಾರ 8 ಬಂದಾಗ 'ಏನೂ ಪ್ರಯೋಜನವಾಗಲಿಲ್ಲ' ಎಂದು ನೀವು ಅತ್ತಿರಬಹುದು. ಪುಸ್ತಕ ಬೇರೆಯೇ ಹೇಳುತ್ತದೆ. ಮನಸ್ಸು ಕೆಟ್ಟ ದಿನವನ್ನು ನೆನಪಿಡುವಷ್ಟು ಗಟ್ಟಿಯಾಗಿ ಒಳ್ಳೆಯ ದಿನವನ್ನು ಇಟ್ಟುಕೊಳ್ಳುವುದಿಲ್ಲ.

ಸರಾಸರಿಯೂ ಇಳಿಯದಿದ್ದರೆ? ಮೊದಲು ಅಡುಗೆಮನೆಯನ್ನು ನೋಡಿ. ನಮ್ಮ ಮನೆಗಳಲ್ಲಿ ಗೋಧಿ ಪರೋಟ, ಹಾಲಿನ ಚಹಾ ಬಿಡುವುದು ಸುಲಭ. ಬೆಳ್ಳುಳ್ಳಿ ಮತ್ತು ನೀರುಳ್ಳಿಯನ್ನು ಬಿಟ್ಟಿದ್ದೇವೆ ಎಂದುಕೊಂಡಿರುತ್ತೇವೆ, ಬಿಟ್ಟಿರುವುದಿಲ್ಲ. ಫ್ರಿಜ್ಜಿನಲ್ಲಿರುವ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಅಂಗಡಿಯ ಬಿರಿಯಾನಿ ಮಸಾಲೆ, ಕಬಾಬ್ ಪೌಡರ್, ಉಪ್ಪಿನಕಾಯಿ, ಎಲ್ಲದರಲ್ಲೂ ಅವು ಇರಬಹುದು. ಸಾರಿನಲ್ಲಿರುವ ನೀರುಳ್ಳಿಯನ್ನು ತಟ್ಟೆಯ ಅಂಚಿಗೆ ಸರಿಸಿದರೂ ಆಗದು, ಏಕೆಂದರೆ ಅದರ ಸಕ್ಕರೆ ನೀರಿನಲ್ಲಿ ಕರಗಿ ಸಾರಿಗೆ ಇಳಿದಿರುತ್ತದೆ. ಎಣ್ಣೆಯಲ್ಲಿ ಮಾತ್ರ ಅದು ಕರಗುವುದಿಲ್ಲ. ಹಾಗಾಗಿ ಇಡೀ ಬೆಳ್ಳುಳ್ಳಿ ಎಸಳುಗಳನ್ನು ಎಣ್ಣೆಯಲ್ಲಿ ಹುರಿದು, ನೀರಿನಂಶದ ಯಾವುದನ್ನೂ ಹಾಕುವ ಮೊದಲೇ ಎಸಳುಗಳನ್ನು ಪೂರ್ತಿ ತೆಗೆದು, ಆ ಎಣ್ಣೆಯಲ್ಲಿ ಅಡುಗೆ ಮಾಡಬಹುದು. ಪರಿಮಳ ಸಿಗುತ್ತದೆ, ತೊಂದರೆ ಇಲ್ಲ. ಈ ಎಣ್ಣೆಯನ್ನು ಆಗಾಗ ಹೊಸದಾಗಿಯೇ ಮಾಡಿಕೊಳ್ಳಿ, ದಿನಗಟ್ಟಲೆ ಹೊರಗಿಡಬೇಡಿ. ನೀರುಳ್ಳಿ ಹೂವಿನ ಹಸಿರು ಭಾಗವನ್ನೂ ಬಳಸಬಹುದು, ಬಿಳಿ ಗಡ್ಡೆಯನ್ನು ಬಿಡಿ. ಇಂಗು ಒಳ್ಳೆಯ ಬದಲಿ, ಆದರೆ ಪುಡಿ ಇಂಗಿನಲ್ಲಿ ಹಲವು ಕಂಪನಿಗಳು ಗೋಧಿಹಿಟ್ಟು ಬೆರೆಸುತ್ತವೆ. ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ.

ಬಿಡಬೇಕಾದ ಬೇರೆಯವು ಕಡಲೆ, ರಾಜ್ಮಾ, ಗೋಡಂಬಿ, ಹೂಕೋಸು, ಸೇಬು, ಮಾವು, ಕಲ್ಲಂಗಡಿ. ಹೊಟ್ಟೆಗೆ ಒಳ್ಳೆಯದೆಂದು ಹಿರಿಯರು ಕೊಡುವ ಜೇನು ಮತ್ತು ಖರ್ಜೂರ ಕೂಡ ಈ ಕೆಲವು ವಾರಗಳ ಮಟ್ಟಿಗೆ ಬೇಡ. ಅವು ಕೆಟ್ಟವೆಂದಲ್ಲ, ಅವುಗಳಲ್ಲಿರುವ ಸಕ್ಕರೆಯನ್ನು ನಿಮ್ಮ ಕರುಳು ಸದ್ಯಕ್ಕೆ ತಾಳುತ್ತಿಲ್ಲ, ಅಷ್ಟೇ. ತಿನ್ನಬಹುದಾದದ್ದು ಬೇಕಾದಷ್ಟಿದೆ: ಮೀನು, ಮಾಂಸ, ಮೊಟ್ಟೆ, ಅನ್ನ, ನೀರ್‌ದೋಸೆ, ಅಕ್ಕಿ ಪತ್ತಿರಿ, ಒತ್ತು ಶ್ಯಾವಿಗೆ, ಆಲೂಗಡ್ಡೆ, ಕ್ಯಾರೆಟ್, ಸೌತೆ, ಕಿತ್ತಳೆ, ಪಪ್ಪಾಯಿ, ನೆಲಗಡಲೆ, ತುಪ್ಪ. ಹಾಲಿನ ಚಹಾದ ಬದಲು ತಿಳಿ ಸುಲೈಮಾನಿ.

ಪಥ್ಯ ಮಾಡುವವರು ಮನೆಯ ಗೃಹಿಣಿಯೇ ಆಗಿದ್ದರೆ ಒಂದು ಮಾತು ಹೇಳಲೇಬೇಕು. ಎಂಟು ಜನರಿಗೆ ಘಮಘಮಿಸುವ ಸುಕ್ಕ, ಗಸಿ ಮಾಡಿಟ್ಟು ತಾನು ಮಾತ್ರ ಗಂಜಿ ಕುಡಿದು ಎದ್ದರೆ ಎಷ್ಟು ದಿನ ನಡೆದೀತು? ಮೂರನೇ ವಾರದಲ್ಲಿ ಅವರು ಸೋಲುವುದು ಇಚ್ಛಾಶಕ್ತಿ ಕಡಿಮೆಯಾಗಿ ಅಲ್ಲ, ಹಸಿವಿನಿಂದ. ಮಸಾಲೆಗೆ ನೀರುಳ್ಳಿ ಹಾಕುವ ಮುನ್ನ ನಾಲ್ಕು ತುಂಡು ಮಾಂಸವನ್ನು ಬೇರೆ ಪಾತ್ರೆಗೆ ತೆಗೆದು, ಕರಿಮೆಣಸು, ಜೀರಿಗೆ, ಶುಂಠಿ, ಆ ಬೆಳ್ಳುಳ್ಳಿ ಎಣ್ಣೆ ಹಾಕಿ ಬೇಯಿಸಿಕೊಳ್ಳಿ. ವಾರದಲ್ಲಿ ಎರಡು ದಿನವಾದರೂ ಇಡೀ ಮನೆ ಅದನ್ನೇ ತಿನ್ನಲಿ. ಗಂಡಸರೇ, ಮಕ್ಕಳೇ, ಆರು ವಾರದಲ್ಲಿ ಎರಡೆರಡು ದಿನ ಸಪ್ಪೆ ಸಾರು ಉಂಡರೆ ಯಾರಿಗೂ ನಷ್ಟವಿಲ್ಲ.

ಸಮಯದ ಆಯ್ಕೆಯೂ ಮುಖ್ಯ. ರಮಝಾನ್ ಹತ್ತಿರವಿರುವಾಗ ಶುರು ಮಾಡಬೇಡಿ. ಊಟದ ಹೊತ್ತು, ನಿದ್ದೆ ಎಲ್ಲ ಬದಲಾಗುವುದರಿಂದ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇಫ್ತಾರಿನ ಸಮೋಸ, ಹಲೀಮ್ ಎರಡರಲ್ಲೂ ಗೋಧಿ ಇದೆ. ಪೆರ್ನಾಳ್ ಕಳೆದ ಮೇಲೆ, ಮನೆಯಲ್ಲಿ ಮದುವೆ ಇಲ್ಲದ ಆರು ವಾರಗಳನ್ನು ಹುಡುಕಿ. ಪಥ್ಯದ ನಡುವೆ ನಫಿಲ್ ಉಪವಾಸ ಹಿಡಿದರೆ ಖರ್ಜೂರದ ಬದಲು ನೀರಿನಿಂದ ಪಾರಣೆ ಮಾಡಬಹುದು. ಖರ್ಜೂರವಿಲ್ಲದಾಗ ನೀರಿನಿಂದ ಉಪವಾಸ ಬಿಡುವುದಂತೂ ಸುನ್ನತ್ತಿನಲ್ಲೇ ಇದೆ.

ಅಂಕ ಇಳಿದಿದ್ದರೆ ಎರಡನೇ ಹಂತಕ್ಕೆ ಹೋಗಿ, ಮೊದಲ ಹಂತದಲ್ಲೇ ಕೂರಬೇಡಿ. 'ಹೇಗೂ ಆರಾಮವಿದೆ, ಹೀಗೇ ಇರುತ್ತೇನೆ' ಎಂದು ತಿಂಗಳುಗಟ್ಟಲೆ ಮುಂದುವರಿಸಿದರೆ ನಾರು, ಕ್ಯಾಲ್ಸಿಯಂ ಕಡಿಮೆಯಾಗಬಹುದು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳೂ ಕುಗ್ಗುತ್ತವೆ. ಪರೀಕ್ಷೆ ಸರಳ. ಉಳಿದ ಪಥ್ಯ ಹಾಗೇ ಇರಲಿ. ಹಾಲನ್ನು ಮೊದಲ ದಿನ ಕಾಲು ಲೋಟ, ಎರಡನೇ ದಿನ ಅರ್ಧ, ಮೂರನೇ ದಿನ ಒಂದು ಲೋಟ ಕುಡಿದು ನೋಡಿ. ಹೊಟ್ಟೆ ಕೆಟ್ಟರೆ ಅಲ್ಲಿಗೆ ನಿಲ್ಲಿಸಿ. ಎರಡು ಮೂರು ದಿನ ಬಿಡುವು ಕೊಟ್ಟು ಗೋಧಿ, ಆಮೇಲೆ ನೀರುಳ್ಳಿ, ಬೆಳ್ಳುಳ್ಳಿ, ಹೀಗೆ ಒಂದೊಂದೇ. ಹಾಲು ಪೂರ್ತಿ ಒಗ್ಗಬಹುದು, ಅರ್ಧ ಚಪಾತಿ ಒಗ್ಗಿ ಎರಡು ಒಗ್ಗದಿರಬಹುದು. ನಿಮ್ಮ ಮಿತಿ ಎಲ್ಲಿದೆ ಎಂದು ತಿಳಿಯುವುದಕ್ಕಾಗಿಯೇ ಇಷ್ಟೆಲ್ಲ ಶ್ರಮ.

ಕಟ್ಟುನಿಟ್ಟಾಗಿ ಆರು ವಾರ ಮಾಡಿದರೂ ಸರಾಸರಿ ಕದಲಲಿಲ್ಲವೆಂದಾದರೆ ಈ ಪಥ್ಯ ನಿಮಗಲ್ಲ. ಎಲ್ಲರಿಗೂ ಇದು ಫಲಿಸುವುದಿಲ್ಲ. ಏಳನೇ ವಾರಕ್ಕೆ ಎಳೆಯಬೇಡಿ, ಇನ್ನೂ ನಾಲ್ಕು ಆಹಾರಗಳನ್ನು ನೀವಾಗಿಯೇ ಬಿಡಲೂ ಬೇಡಿ. ಎಂದಿನ ಊಟಕ್ಕೆ ಮರಳಿ, ಅಂಕ ಬರೆದ ಪುಸ್ತಕವನ್ನು ವೈದ್ಯರ ಬಳಿ ತೆಗೆದುಕೊಂಡು ಹೋಗಿ. ಔಷಧಿಗಳಿವೆ, ಬೇರೆ ಚಿಕಿತ್ಸೆಗಳಿವೆ. ಆರು ವಾರದ ಆ ಲೆಕ್ಕವನ್ನು ನೋಡಿದರೆ ಮುಂದೇನು ಮಾಡಬೇಕೆಂದು ನಿರ್ಧರಿಸಲು ವೈದ್ಯರಿಗೂ ಸುಲಭವಾಗುತ್ತದೆ.